ಉರಿ ಕಳೆದುಕೊಂಡ ನಾಲಿಗೆ

ನರಗಳ ವಿಷಯವನ್ನು ಅಧಿಕಾರದಿಂದ ಹೇಳಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಬಿದ್ರಿ ಕೆಲಸದ ಒಳಗುಟ್ಟು ಬಲ್ಲವರೂ ಇದ್ದಾರೆ. ಅವರೆಲ್ಲ ಸುಮ್ಮನಿರುವಾಗ ಎರಡನ್ನೂ ಅರೆಬರೆ ತಿಳಿದು ಈ ಕಥೆಗೆ ಕೈ ಹಾಕಿದ್ದು ಅಧಿಕಪ್ರಸಂಗವೇ ಸರಿ; ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ವಿವರ ತಪ್ಪಿದ್ದರೆ ತಿದ್ದಿಕೊಂಡು ಓದಲಿ. ಅಂಬಿಕಾಳ ಕಳವಳ ಮಾತ್ರ ತಿದ್ದಿದ ಮೇಲೂ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ಶುರು ಮಾಡಿದ್ದು.

ಈಗಿನಿಂದ ಹದಿನೈದು ವರ್ಷ ಮುಂದಿನ ಬೀದರ ಎಂದಿಟ್ಟುಕೊಳ್ಳಿ. ಊರ ಹೊರಗೆ ನರನೋವಿನ ಸಂಶೋಧನಾ ಕೇಂದ್ರವೊಂದು ಬಂದಿದೆ. ಅದರ ಎರಡನೇ ಅಂತಸ್ತಿನ ಕೋಣೆಯಲ್ಲಿ ಗೋಡೆಯಗಲದ ಪರದೆ, ಪರದೆಯ ಮೇಲೆ ನಲವತ್ತೊಂದು ಗೆರೆ. ಒಂದೊಂದು ಗೆರೆ ಒಬ್ಬೊಬ್ಬ ರೋಗಿಯದು. ರೋಗಿಯ ಕಿವಿಯ ಕೆಳಗೆ ಅಂಟಿಸಿದ ಬೆರಳಗಲದ ಪಟ್ಟಿ, ಮುಖದ ನರದಲ್ಲಿ ಓಡುವ ವಿದ್ಯುತ್ತನ್ನು ಅಳೆದು ಇಲ್ಲಿಗೆ ಕಳಿಸುತ್ತದೆ. ನೋವು ಬಂದರೆ ಗೆರೆ ನೆಗೆಯುತ್ತದೆ, ಹೋದರೆ ಮಲಗುತ್ತದೆ.

ಅಂಬಿಕಾ ಆ ಕೋಣೆಯ ದಾಖಲೆಗಾರ್ತಿ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಕೂತು ಬಿಎಸ್ಸಿ ಮುಗಿಸಿದವಳು. ಹಾಗೆ ಓದಿದ್ದಕ್ಕೋ ಏನೋ, ನಡುವಿನ ಒಂದು ಮುಖ್ಯ ಪಾಠದ ದಿನ ತಾನು ತರಗತಿಯಲ್ಲಿ ಇರಲಿಲ್ಲ ಎಂಬ ಅನುಮಾನ ಅವಳನ್ನು ಬಿಡದು. ಬರೆದದ್ದನ್ನು ಮೂರು ಸಲ ಓದುವಳು. ಮನೆಗೆ ಹೊರಟು ಗೇಟಿನವರೆಗೆ ಹೋಗಿ, ಹದಿನೇಳನೇ ಗೆರೆಯ ಮುಂದೆ ತಾರೀಖು ಸರಿಯಾಗಿ ಹಾಕಿದೆನೇ ಎಂದು ಮತ್ತೆ ಮೆಟ್ಟಿಲು ಹತ್ತುವಳು. ಹದಿನೇಳು ಎಂದರೆ ಅವಳ ಸೋದರಮಾವ ಝರಣಪ್ಪ. ಅವನನ್ನು ಈ ಪ್ರಯೋಗಕ್ಕೆ ಕರೆತಂದವಳು ಅವಳೇ.

ಝರಣಪ್ಪನ ಕಾಯಿಲೆ ಹೊರಗೆ ಕಾಣುವಂಥದ್ದಲ್ಲ. ಮುಖದಲ್ಲಿ ಮೂರು ಕವಲಾಗಿ ಹರಡುವ ನರವೊಂದಿದೆ. ಅದು ಕೆಟ್ಟರೆ ಗಾಳಿ ತಾಗಿದರೂ ಕೆನ್ನೆಗೆ ಕಾದ ಸಲಾಕೆ ಚುಚ್ಚಿದಂತಾಗುತ್ತದೆ. ಹೆಚ್ಚಿನವರಿಗೆ ಒಂದು ಕಡೆ, ಝರಣಪ್ಪನಿಗೆ ಎರಡೂ ಕಡೆ. ನಾಲ್ಕು ವರ್ಷ ಅವನು ಬೇಸಿಗೆಯಲ್ಲೂ ಮುಖಕ್ಕೆ ಟವಲು ಸುತ್ತಿಕೊಂಡು ಕೂತ. ಹಲ್ಲುಜ್ಜುವುದು, ಗಡ್ಡ ಹೆರೆಯುವುದು, ನಗುವುದು ಒಂದೊಂದಾಗಿ ಬಿಟ್ಟುಹೋದವು. ಮಾತ್ರೆ ನುಂಗಿದರೆ ತೂಕಡಿಕೆ, ಬಿದ್ರಿ ಕೆತ್ತುವ ಉಳಿ ಜಾರಿ ಬೆರಳು ಸೀಳಿತು. ಅವನ ಹೆಂಡತಿ ಘಾಳೆಮ್ಮ ಗಂಜಿ ಆರಿಸಿ, ಹೀರುಕೊಳವೆಯಲ್ಲಿ ಕುಡಿಸುತ್ತಿದ್ದಳು. ಒಂದು ಮಧ್ಯಾಹ್ನ ಅವನು ಸುರಂಗ ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ನಿಂತಿದ್ದನ್ನು ಕಂಡವರು ಬಂದು ಹೇಳಿದರು. ಆ ಸಂಜೆ ಅಂಬಿಕಾ ಅರ್ಜಿ ತಂದಳು.

ಕೇಂದ್ರದ ಔಷಧಿ ನಿಜವಾಗಿ ಒಂದು ವಿಷ. ಕೆಟ್ಟ ಡಬ್ಬಿ ಆಹಾರದಲ್ಲಿ ಹುಟ್ಟುವ ಸೂಕ್ಷ್ಮಜೀವಿಯ ಬೊಟುಲಿನಂ ವಿಷ. ನರದ ತುದಿಯಲ್ಲಿ ಸುದ್ದಿ ತುಂಬಿದ ಸಣ್ಣ ಚೀಲಗಳಿರುತ್ತವೆ. ಚೀಲ ಗೋಡೆಗೆ ತಾಗಿ ಒಡೆದರೆ ಸುದ್ದಿ ಮುಂದಿನ ನರಕ್ಕೆ ದಾಟುತ್ತದೆ. ಚೀಲವನ್ನು ಗೋಡೆಗೆ ಎಳೆಯುವ ದಾರವನ್ನು ಈ ವಿಷ ಕತ್ತರಿಸುತ್ತದೆ. ನರ ಸಾಯುವುದಿಲ್ಲ, ಮೂಕಾಗುತ್ತದೆ ಅಷ್ಟೆ. ಹಳೆಯ ರೂಪದಲ್ಲಿ ಕೊಟ್ಟರೆ ಸ್ನಾಯುವಿನ ನರಗಳೂ ಮೂಕಾಗಿ ಬಾಯಿ ಸೊಟ್ಟಗಾಗುವ ಭಯವಿತ್ತು. ಕೇಂದ್ರದ ಡಾ. ನಿಖತ್ ಅವರ ತಂಡ ವಿಷದ ಒಂದು ತುಂಡನ್ನು ಕಳಚಿ, ನೋವಿನ ನರದ ಬಾಗಿಲಿಗೆ ಮಾತ್ರ ಹೊಂದುವ ಕೀಲಿಯನ್ನು ಆ ಜಾಗದಲ್ಲಿ ಜೋಡಿಸಿತ್ತು. ನಾಲ್ಕೈದು ತಿಂಗಳಲ್ಲಿ ನರ ಹೊಸ ದಾರ ನೇಯ್ದುಕೊಳ್ಳುತ್ತದೆ. ಆಗ ಎರಡನೇ ಸೂಜಿ.

ಝರಣಪ್ಪನಿಗೆ ಎರಡೂ ದವಡೆಗೆ ಸೂಜಿ ಬಿತ್ತು. ಒಂಬತ್ತನೇ ದಿನಕ್ಕೆ ಹದಿನೇಳನೇ ಗೆರೆ ಮಲಗಿತು. ಪಟ್ಟಿ ಕಳಚಿ ಬಿದ್ದಿರಬೇಕು ಎಂದು ಅಂಬಿಕಾ ಮಾವನಿಗೆ ಫೋನ್ ಮಾಡಿದಳು.

"ಪಟ್ಟಿ ಅದ. ನೋವೇ ಇಲ್ಲ," ಎಂದ ಝರಣಪ್ಪ. "ಗಡ್ಡ ಮಾಡಿಸ್ಕೊಳ್ಲತ್ತೀನಿ, ಆಮ್ಯಾಲ ಮಾತಾಡ್ತೀನಿ."

ಆ ಭಾನುವಾರ ಮಾವನ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನಕಾಯಿ ಚಟ್ನಿ. ನಾಲ್ಕು ವರ್ಷ ರೊಟ್ಟಿ ಮುರಿಯದ ಮನುಷ್ಯ ಐದನೆಯದಕ್ಕೆ ಕೈ ಹಾಕಿದ್ದ. ಚಟ್ನಿಯನ್ನು ಉಂಡೆ ಉಂಡೆಯಾಗಿ ಬಾಯಿಗಿಟ್ಟು, ಸಾಲದೆಂದು ಹಸಿಮೆಣಸಿನಕಾಯಿ ಕಚ್ಚಿದ. ಒಂದಾಯಿತು, ಎರಡಾಯಿತು, ಆರಾಯಿತು.

"ಏ, ಸಾಕು, ಹೊಟ್ಟಿ ಸುಟ್ಟೀತು," ಎಂದಳು ಘಾಳೆಮ್ಮ.

"ನಾಕ್ ವರ್ಷದ ಬಾಕಿ ಅದ. ನಿನ್ನ ಕಾಯಿ ಸಪ್ಪಗ ಅದ, ಯಾವ ತ್ವಾಟದ್ದು ತಂದೀದಿ?"

"ಮುದುಕಂಗ ಹರೇ ಬಂದದ ನೋಡ್ ಅಂಬಿಕಾ," ಎಂದು ಘಾಳೆಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅಂಬಿಕಾಳೂ ನಕ್ಕಳು. ಅದೇ ಕಾಯಿಯ ಚೂರು ತನ್ನ ಬಾಯಿಗೆ ಬಿದ್ದು ಕಣ್ಣಲ್ಲಿ ನೀರು ಬಂದದ್ದನ್ನೂ ನಗುವಿನ ಲೆಕ್ಕಕ್ಕೇ ಹಾಕಿದಳು.

ಮರುದಿನ ಪ್ರಶ್ನಾವಳಿ ತುಂಬಬೇಕಿತ್ತು. ರುಚಿ ಬದಲಾಗಿದೆಯೇ? ಸಕ್ಕರೆ ನೀರು, ಉಪ್ಪು ನೀರು, ನಿಂಬೆ ನೀರು, ಕಹಿ ನೀರು. ನಾಲ್ಕನ್ನೂ ಝರಣಪ್ಪ ಕಣ್ಣು ಮುಚ್ಚಿ ಹೇಳಿದ. ಅಂಬಿಕಾ 'ಇಲ್ಲ' ಎಂದು ಬರೆದಳು, ಮೂರು ಸಲ ಓದಿದಳು.

ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಮಲಗಿದ ಗೆರೆ ನೋಡಿದರೆ ಸಂತೋಷವಾಗಬೇಕು. ಅವಳಿಗೆ ಅದು ಮಾತು ನಿಲ್ಲಿಸಿದವರ ಮುಖದ ಹಾಗೆ ಕಾಣುತ್ತಿತ್ತು. ನೀರು ಕುಡಿದು ಬರುವಳು, ನೋಡುವಳು, ಕಿಟಕಿಗೆ ಹೋಗಿ ಬರುವಳು, ಮತ್ತೆ ನೋಡುವಳು.

ಇಲ್ಲಿ ಝರಣಪ್ಪನ ಕಸುಬಿನ ಮಾತು ಹೇಳಬೇಕು. ಬಿದ್ರಿ ಪಾತ್ರೆ ಸತುವು ಮತ್ತು ಸ್ವಲ್ಪ ತಾಮ್ರ ಬೆರೆತ ಲೋಹದ್ದು. ಅದರ ಮೈ ಕೆತ್ತಿ, ಕೆತ್ತಿದ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ಕುದಿಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣೂ ಆಗದು. ಮಳೆ ಬಿಸಿಲು ಕಾಣದೆ ನೂರಾರು ವರ್ಷ ಕೂತ ಮಣ್ಣೇ ಬೇಕು. ಅದನ್ನು ಕಂಡುಹಿಡಿಯುವ ಯಂತ್ರವೆಂದರೆ ನಾಲಿಗೆ. ಗಲ್ಲಿಯ ಹನ್ನೊಂದು ಮನೆಗೆ ಮಣ್ಣು ನೋಡಿ ತರುವವನು ಝರಣಪ್ಪ. ಅವನು ನಾಲಿಗೆಗಿಟ್ಟು 'ಹೂಂ' ಎಂದ ಮಣ್ಣನ್ನು ಇನ್ನೊಬ್ಬರು ನೆಕ್ಕಿ ನೋಡುವಂತಿಲ್ಲ. ನೋಡಿದರೆ ಅವನ ಮಾತಿಗೆ ಅವಮಾನ ಮಾಡಿದಂತೆ. ನಾಲ್ಕು ವರ್ಷ ಬಾಯಿ ತೆರೆಯಲಾಗದೆ ಇದ್ದಾಗ ಹಳೆಯ ಮಣ್ಣಿನ ಚೀಲಗಳಲ್ಲೇ ಎಲ್ಲರೂ ದಿನ ದೂಡಿದ್ದರು. ಈಗ ಅವನು ಎದ್ದು, ಬಾಯಿ ಮುಕ್ಕಳಿಸಿ, ಕೋಟೆಗೆ ಹೋಗಿ, ಹೊಸ ಮಣ್ಣು ತಂದು ಹಂಚಿದ.

ಆ ಮಣ್ಣು ಮೊದಲು ಬಿದ್ದದ್ದು ಗೌಸುದ್ದೀನರ ಉದ್ದ ಕತ್ತಿನ ಹೂಜಿ, ಸುರಾಯಿಯ ಮೇಲೆ.

ಗೌಸುದ್ದೀನ್ ಝರಣಪ್ಪನ ಬಾಲ್ಯದ ಗೆಳೆಯ, ಅಂಬಿಕಾಳಿಗೆ ಗೌಸ್ ಚಾಚಾ. ಕಣ್ಣು ಮಂಜಾಗುತ್ತಾ ಬಂದಿತ್ತು. ಇದೇ ಕೊನೆಯದು ಎಂದು ಹೇಳಿ, ಹದಿನಾಲ್ಕು ತಿಂಗಳು ಮುಖದ ಹತ್ತಿರ ಹಿಡಿದು, ಕೂದಲೆಳೆಯಷ್ಟು ಸಣ್ಣ ತಂತಿಯಲ್ಲಿ ದ್ರಾಕ್ಷಿಬಳ್ಳಿ ಕೂರಿಸಿದ್ದರು. ಮಣ್ಣು ತಿಕ್ಕುವ ದಿನ ಗೆಳೆಯನನ್ನೂ ಅಂಬಿಕಾಳನ್ನೂ ಕರೆಸಿದರು. ಪಾತ್ರೆ ಕಾಯಿತು. ಕುದಿಯುವ ಕೆಸರನ್ನು ಬಟ್ಟೆಯಲ್ಲಿ ಅದ್ದಿ ತಿಕ್ಕಿದರು. ನಾಲ್ಕೆಣಿಸುವಷ್ಟರಲ್ಲಿ ಕಪ್ಪೇರಬೇಕಿದ್ದ ಮೈ ಬೂದಿ ಬಣ್ಣಕ್ಕೆ ತಿರುಗಿತು. ಅಲ್ಲಲ್ಲಿ ಹುಳುಕಡ್ಡಿಯಂತೆ ಬಿಳಿ ಕಲೆ. ಇನ್ನೊಮ್ಮೆ ತಿಕ್ಕಿದರು. ಸತುವು ಕೊರೆದುಹೋಗಿ, ಬಳ್ಳಿಯ ತುದಿಯ ತಂತಿಗಳು ಒಂದೊಂದೇ ಎದ್ದು ನಿಂತವು.

"ಕರ್ರಗ ಆತೇನ್ರೋ?" ಎಂದರು ಗೌಸುದ್ದೀನ್, ಕಣ್ಣು ಕಿರಿದು ಮಾಡಿ.

ಅಂಬಿಕಾ ಮಾವನ ಮುಖ ನೋಡಿದಳು.

"ಝರಣಪ್ಪ ಭಾಯಿ, ನೀ ಹೇಳೋ. ನನಗೆಲ್ಲಾ ಕರ್ರಗೇ ಕಾಣ್ತದ."

ಝರಣಪ್ಪ ಚೀಲದಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟ. ಎದ್ದು ಹೋಗಿ, ಮೂಲೆಯಲ್ಲಿದ್ದ ಹಳೆಯ ಒಳ್ಳೆಯ ಮಣ್ಣಿನ ಗಡಿಗೆಯ ತಳದಲ್ಲಿ ಉಳಿದದ್ದಕ್ಕೆ ಬೆರಳು ಹಾಕಿ ಅದನ್ನೂ ಇಟ್ಟ. ಬಹಳ ಹೊತ್ತು ಬಾಯಿ ಆಡಿಸುತ್ತಾ ನಿಂತ.

"ಉಪ್ಪು ತಿಳೀತದ. ಕಹಿ ತಿಳೀತದ. ಕಚ್ಚವಲ್ದು," ಎಂದ. "ಮಣ್ಣು ಕಚ್ಚಬೇಕು. ಎರಡೂ ಕಚ್ಚವಲ್ವು."

"ತರುವಾಗ ತಿಳೀಲಿಲ್ಲೇನು ಮಾಮ?" ಎಂದಳು ಅಂಬಿಕಾ.

"ನಾಕ್ ವರ್ಷ ಆಗಿತ್ತು. ಕಚ್ಚೋದು ಹಿಂಗೇ ಇರ್ತಿತ್ತೋ ಏನೋ ಅಂತ ನನಗ ನಾನೇ ಹೇಳ್ಕೊಂಡೆ."

ಅಂಬಿಕಾಳಿಗೆ ಆರು ಮೆಣಸಿನಕಾಯಿ ನೆನಪಾದವು.

ಮರುದಿನ ಅವಳು ಡಾ. ನಿಖತ್ ಅವರ ಕೋಣೆಗೆ ಹೋದಳು. ವೈದ್ಯೆ ಬೀದರದವರೇ, ಎದುರಿನವರು ಕೂರುವ ಮೊದಲೇ ಚಹಾ ಹೇಳುವ ಸ್ವಭಾವ. ಅಂಬಿಕಾ ನಿಂತೇ ಹೇಳಿದಳು. ವೈದ್ಯೆ ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದಿಟ್ಟರು.

"ಖಾರ ರುಚಿ ಅಲ್ಲ ಅಂಬಿಕಾ. ನಾವು ಆರು ರುಚಿ ಅಂತ ಎಣಿಸ್ತೀವಿ, ಖರೆ. ಆದ್ರ ಖಾರ ನಾಲಿಗಿಗೆ ನೋವು. ಸಿಹಿ, ಉಪ್ಪಿನ ತಂತಿ ಬ್ಯಾರೆ, ಉರಿಯ ತಂತಿ ಬ್ಯಾರೆ. ಉರಿ ಹೋಗೋದು ನಾವು ಮೂಕ ಮಾಡಿದ ನರದಾಗೇ."

"ಮತ್ತ ಉಳಿದ ನಲವತ್ತು ಮಂದಿ? ಯಾರೂ ಹೇಳ್ಲಿಲ್ಲಲ್ರಿ ಮೇಡಂ."

"ಅವ್ರಿಗೆ ಒಂದೇ ಕಡೆ ಸೂಜಿ. ಅರ್ಧ ನಾಲಿಗಿ ಖಾರ ಹೇಳ್ತಿತ್ತು, ಉಳಿದರ್ಧ ಸುಮ್ಮನಿದ್ದದ್ದು ಗೊತ್ತಾಗಿಲ್ಲ. ನಿಮ್ಮ ಮಾಮಾಗ ಎರಡೂ ಕಡೆ. ಮ್ಯಾಲ ಆ ಕಸುಬು." ಅವರು ಪ್ರಶ್ನಾವಳಿಯ ಹಾಳೆ ಮುಂದೆಳೆದುಕೊಂಡರು. "ನಾಕು ಥರದ ನೀರು ಇಟ್ವಿ. ಒಂದು ಮೆಣಸಿನಕಾಯಿ ಇಡ್ಬೇಕು ಅಂತ ನನಗೂ ಹೊಳೀಲಿಲ್ಲ."

ಪ್ರಯೋಗದ ನಿಯಮ ಇಬ್ಬರಿಗೂ ಬಾಯಿಪಾಠ: ಯಾವುದೇ ಸಂವೇದನೆ ಕುಂದಿದೆ ಎಂದು ದಾಖಲಾದರೆ ಆ ರೋಗಿಗೆ ಎರಡನೇ ಸೂಜಿ ಇಲ್ಲ, ಪರಿಶೀಲನಾ ಸಮಿತಿ ಒಪ್ಪುವ ತನಕ. ಒಪ್ಪುತ್ತದೋ ಇಲ್ಲವೋ ಹೇಳಲಾಗದು.

"ಬರೀಬೇಕೇನ್ರಿ?"

"ನೋಡಿದವಳು ನೀನು. ನಾನು ಬರಿ ಅಂದ್ರ ಅದು ನನ್ನ ಮಾತಾಗ್ತದ."

ಅಂಬಿಕಾ ಆ ದಿನ ಬರೆಯಲಿಲ್ಲ. ಸಂಜೆ ಮಾವನ ಮನೆಗೆ ಹೋದಳು. ಝರಣಪ್ಪ ಗೌಸುದ್ದೀನರ ಮನೆಗೆ ಹೋಗಿದ್ದ. ದಿನಾ ಹೋಗಿ ಸುಮ್ಮನೆ ಕೂತು ಬರುತ್ತಾನೆ ಎಂದಳು ಘಾಳೆಮ್ಮ. ವಿಷಯ ಕೇಳಿ ಒಲೆಯ ಮುಂದಿನಿಂದ ಎದ್ದಳು.

"ಬರೀಬ್ಯಾಡ."

"ಅತ್ತಿ, ಅದು ನನ್ನ ಕೆಲಸ."

"ಕೆಲಸ. ಅಂವ ಒದ್ದಾಡೋದು ನೀ ಪರದೆ ಮ್ಯಾಲ ನೋಡ್ದಿ, ನಾ ನಾಕ್ ವರ್ಷ ಮಗ್ಗಲಾಗ ನೋಡ್ದೆ. ಮಣ್ಣು ನೆಕ್ಕಲಾಕ ಬರಲ್ಲಂದ್ರ ಬಿಡ್ಲಿ. ಬ್ಯಾರೆಯವ್ರು ನೆಕ್ತಾರ. ಊಟ ಮಾಡ್ಲಾಕ ಬರ್ತದಲ?"

"ಬ್ಯಾರೆಯವ್ರು ಯಾರು?" ಎಂದಿತು ಬಾಗಿಲಿಂದ ಝರಣಪ್ಪನ ದನಿ. "ನಾ ಯಾರಿಗೆ ಕಲಿಸೀನಿ? ನಮ್ಮಪ್ಪ ನನಗ ಒಂಬತ್ತು ವರ್ಷ ಕಲಿಸ್ದ. ನಾ ನಾಲಿಗಿ ಚಾಚಿ ದೊಡ್ಡಾಂವ ಆಗಿ ಕೂತೆ." ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಅಂಬಿಕಾ, ಗೌಸನ ಸುರಾಯಿ ಹೋತು. ನೀ ಬರೀದಿದ್ರ ನಾಳೆ ಇನ್ಯಾರದೋ ಏನೋ ಹೋಗ್ತದ. ಬರಿ."

"ಬರದ್ರ ಸೂಜಿ ಸಿಗದೇ ಹೋಗ್ಬಹುದು ಮಾಮ."

ಝರಣಪ್ಪನ ಕೈ ತಾನಾಗಿ ಕೆನ್ನೆಗೆ ಹೋಯಿತು. ಘಾಳೆಮ್ಮ ಅದನ್ನು ನೋಡಿದಳು. ಅಂಬಿಕಾಳೂ ನೋಡಿದಳು.

"ಬರಿ ಅಂದೆನಲ," ಎಂದ.

ಬರೆದಳು. ಮೂರು ಸಲ ಓದಲಿಲ್ಲ, ಓದಿದ್ದರೆ ಹರಿದುಹಾಕುತ್ತಿದ್ದಳು. ಘಾಳೆಮ್ಮ ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿಸುವಳು, ಮುಖ ನೋಡಳು. ಸಮಿತಿಯ ಉತ್ತರ ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಅಂಬಿಕಾ ಮೇಲ್ ತೆರೆದು ತೆರೆದು ನೋಡಿದಳು. ಮೊದಲ ಸೂಜಿಯಿಂದ ನಾಲ್ಕನೇ ತಿಂಗಳ ಕೊನೆಯಲ್ಲಿ ಬಂತು: ಉರಿ ಕುಂದುವುದನ್ನು ಎಲ್ಲ ರೋಗಿಗಳಿಗೂ ಮೊದಲೇ ತಿಳಿಸತಕ್ಕದ್ದು; ತಿಳಿದೂ ಒಪ್ಪಿದವರಿಗೆ ಎರಡನೇ ಸೂಜಿ ಕೊಡಬಹುದು.

ಅವಳು ಮೆಟ್ಟಿಲಿಳಿದು ಓಡಿದಳು. ಮಾವ ಸಹಿ ಹಾಕುತ್ತಾನೆ, ಅತ್ತೆ ಮಾತಾಡುತ್ತಾಳೆ, ಮುಗಿಯಿತು ಎಂದುಕೊಂಡು. ಝರಣಪ್ಪ ಕಾಗದ ಓದಿಸಿಕೊಂಡು ಕೇಳಿ, ಮಡಚಿ ಜೇಬಿನಲ್ಲಿಟ್ಟುಕೊಂಡ.

"ಈಗ ಬ್ಯಾಡ. ನರ ಎಚ್ಚರಾಗ್ಲಿ."

"ಎಚ್ಚರಾದ್ರ ನೋವೂ ಬರ್ತದ ಮಾಮ."

"ಬರೋಕಿಂತ ಮೊದ್ಲು ಒಂದೆರಡು ದಿನ ಸಿಗ್ತಾವೇನೋ ನೋಡೋಣ. ಒಂದು ವರ್ಷದ ಮಣ್ಣು ತಂದು ಇಡ್ತೀನಿ. ಆಮ್ಯಾಲ ಚುಚ್ಚು."

"ಇವನ ಹಟಕ್ಕ ಬೆಂಕಿ ಹಚ್ಚ," ಎಂದಳು ಘಾಳೆಮ್ಮ. ಆದರೆ ಅದನ್ನು ಅಂಬಿಕಾಳ ಮುಖ ನೋಡಿ ಹೇಳಿದಳು.

ಉರಿ ಮೊದಲು ಮರಳುತ್ತದೋ ನೋವು ಮೊದಲು ಮರಳುತ್ತದೋ, ಇಲ್ಲ ಎರಡೂ ಕೈಹಿಡಿದು ಬರುತ್ತವೋ, ಡಾ. ನಿಖತ್ ಅವರಿಗೂ ಗೊತ್ತಿರಲಿಲ್ಲ. ಅವರು ಸೂಜಿಯನ್ನು ತಂಪುಪೆಟ್ಟಿಗೆಯಲ್ಲಿ ಸಿದ್ಧವಿಟ್ಟು, ದಿನಾ ಬೆಳಿಗ್ಗೆ ಝರಣಪ್ಪನ ನಾಲಿಗೆಗೆ ಮೆಣಸಿನ ನೀರಿನ ಒಂದು ಹನಿ ಬಿಡಲು ಅಂಬಿಕಾಳಿಗೆ ಹೇಳಿದರು. ಹದಿನೈದು ದಿನ ಏನೂ ಇಲ್ಲ. ಹದಿನಾರನೇ ದಿನ ಝರಣಪ್ಪ ನಾಲಿಗೆ ಒಳಗೆಳೆದುಕೊಂಡು ನೀರು ಕೇಳಿದ. ಹದಿನೇಳನೇ ಗೆರೆಯಲ್ಲಿ ಸಣ್ಣದೊಂದು ನಡುಕ ಕಂಡಿತು. ಉರಿಯದ್ದೋ, ನೋವು ಬರುವ ಮುನ್ಸೂಚನೆಯೋ ತಿಳಿಯಲಿಲ್ಲ.

ಅಂದೇ ಕೋಟೆಗೆ ಹೋದರು. ಝರಣಪ್ಪ, ಗೌಸುದ್ದೀನ್, ಅಂಬಿಕಾ. ಅಂಬಿಕಾಳ ಒಂದು ಕೈಯಲ್ಲಿ ಗೆರೆ ತೋರಿಸುವ ಫೋನು, ಇನ್ನೊಂದು ಕೈ ಗೌಸ್ ಚಾಚಾನ ರಟ್ಟೆಯ ಮೇಲೆ. ಮುರಿದ ಕಮಾನಿನೊಂದರ ಕೆಳಗೆ ಝರಣಪ್ಪ ಕೂತು ಮಣ್ಣು ಕೆದಕಿದ, ನಾಲಿಗೆಗಿಟ್ಟ, ಉಗಿದ. ಮುಂದೆ ಹೋದ. ಉಗಿದ. ಫೋನಿನಲ್ಲಿ ಗೆರೆ ಒಮ್ಮೆ ಮೊಳಕೆಯಷ್ಟು ಎದ್ದು ಮಲಗಿತು.

"ಮಾಮ, ಸಾಕು. ಬರ್ಲತ್ತದ."

"ಬರ್ಲಿ ತಡಿ."

ಮೂರನೇ ಜಾಗದಲ್ಲಿ, ಕತ್ತಲೆಯ ಗೂಡಿನಂಥ ಮೂಲೆಯಲ್ಲಿ, ಅವನು ಮಣ್ಣನ್ನು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. 'ಹೂಂ' ಎನ್ನುತ್ತಾನೆ ಎಂದು ಇಬ್ಬರೂ ಕಾದರು. ಅವನು ಅನ್ನಲಿಲ್ಲ. ಇನ್ನೊಂದು ಚಿಟಿಕೆ ತೆಗೆದು ಗೌಸುದ್ದೀನರ ಅಂಗೈಗೆ ಹಾಕಿದ.

"ನೀ ನೋಡು."

ಗೌಸುದ್ದೀನ್ ಕೈ ಹಿಂದೆಗೆದುಕೊಂಡರು. "ನೀ ನೋಡಿದ ಮ್ಯಾಲ ನಾ ಹ್ಯಾಂಗ ನೋಡ್ಲಿ? ಹಂಗ ಮಾಡಬಾರ್ದು."

"ಹಂಗ ಮಾಡಿದ್ರ ನಿನ್ನ ಸುರಾಯಿ ಉಳೀತಿತ್ತು. ನೋಡೋ ಮಾರಾಯ. ನನ್ನ ಮಾತು ನಂಬಬ್ಯಾಡ."

ಗೌಸುದ್ದೀನ್ ನಾಲಿಗೆಯ ತುದಿಗೆ ಇಟ್ಟುಕೊಂಡರು. ಮುಖ ಹುಳ್ಳಗೆ ಮಾಡಿದರು. "ಕಚ್ಚಿದಂಗ ಆತು. ಇಲ್ಲ, ತಡಿ. ಹೂಂ, ಕಚ್ಚಿತು. ನನಗೇನು ತಿಳೀತದೋ."

"ಅಂಬಿಕಾ, ನೀನೂ."

ಅವಳ ನಾಲಿಗೆಯ ಮೇಲೆ ಮಣ್ಣು ಕೂತಿತು. ಮೊದಲು ಉಪ್ಪು, ಆಮೇಲೆ ಕಹಿ, ಅದರ ಹಿಂದೆ ಇನ್ನೇನೋ ಸಣ್ಣಗೆ. ಅದು ಕಚ್ಚುವುದೋ, ಕಚ್ಚಬೇಕೆಂಬ ತನ್ನ ಆಸೆಯೋ ಅವಳಿಗೆ ತಿಳಿಯಲಿಲ್ಲ. ಹಾಗೆಂದೇ ಹೇಳಿದಳು.

"ಖರೇ ಹೇಳ್ದಿ. ನಾನೂ ಮೊದಲ್ನೇ ವರ್ಷ ಹಂಗೇ ಅಂದಿದ್ದೆ," ಎಂದ ಝರಣಪ್ಪ.

ಎರಡು ಚೀಲ ತುಂಬುವಷ್ಟರಲ್ಲಿ ಗೆರೆ ನೆಗೆಯಿತು. ಅವನು ಮೊಣಕಾಲೂರಿ, ಎರಡೂ ಕೆನ್ನೆ ಹಿಡಿದುಕೊಂಡು ಕೂತ. ಉಳಿದ ಚೀಲಗಳನ್ನು ಬೆರಳಲ್ಲೇ ತೋರಿಸಿದ. ಗೌಸುದ್ದೀನ್ ತಡಕಾಡುತ್ತಾ ತುಂಬಿದರು, ಅಂಬಿಕಾ ಚೀಲದ ಬಾಯಿ ಕಟ್ಟಿದಳು. ಐದನೆಯದು ಕಟ್ಟಿ ಮುಗಿಸಿದ ಮೇಲೆಯೇ ಅವನು ಆಟೋ ಹತ್ತಿದ್ದು. ಮಧ್ಯಾಹ್ನಕ್ಕೆ ಎರಡನೇ ಸೂಜಿ ಬಿತ್ತು. ಗೆರೆ ಮಲಗಲು ಮತ್ತೆ ಒಂಬತ್ತು ದಿನ; ಆ ಒಂಬತ್ತು ದಿನ ಘಾಳೆಮ್ಮ ಗಂಜಿ ಆರಿಸಿದಳು.

ಮಣ್ಣು ಹನ್ನೊಂದು ಮನೆಗೆ ಹೋಯಿತು. ಈ ಸಲ ಮನೆಗೊಬ್ಬರು ನಾಲಿಗೆಗಿಟ್ಟು ನೋಡಿದರು. ಏಳು ಮಂದಿ ಕಚ್ಚಿತು ಎಂದರು, ನಾಲ್ಕು ಮಂದಿ ಇಲ್ಲ ಎಂದರು. ಝರಣಪ್ಪ ಎರಡೂ ಕಡೆಯವರಿಗೆ ತಲೆಯಾಡಿಸಿದ. ಒಂದು ಸಣ್ಣ ಡಬ್ಬಿಗೆ ತಿಕ್ಕಿ ನೋಡಿದಾಗ ಕಾಡಿಗೆಗಪ್ಪು ಬಂತು. ಗೌಸುದ್ದೀನರ ಸುರಾಯಿ ಬೂದಿಯಾಗಿಯೇ ಅಲಮಾರಿಯಲ್ಲಿದೆ. ಅದಕ್ಕೆ ಮತ್ತೆ ತಂತಿ ಕೂರಿಸುವ ಕಣ್ಣು ಅವರಲ್ಲಿ ಉಳಿದಿಲ್ಲ.

ಉರಿ ನೋವಿಗಿಂತ ಅರ್ಧ ದಿನ ಮೊದಲು ಏಕೆ ಮರಳಿತು ಎಂಬುದು ಗೊತ್ತಿಲ್ಲ. ಮುಂದಿನ ಸಲವೂ ಆ ಅರ್ಧ ದಿನ ಸಿಗುತ್ತದೆಯೇ, ಸೂಜಿ ಮೇಲೆ ಸೂಜಿ ಬಿದ್ದ ನರ ಒಂದು ದಿನ ದಾರ ನೇಯುವುದನ್ನೇ ಮರೆಯುತ್ತದೆಯೇ, ಅದೂ ಗೊತ್ತಿಲ್ಲ. ಆ ಮೂಲೆಯ ಮಣ್ಣು ಒಳ್ಳೆಯದೆಂದು ಹೇಳಿದ್ದು ಝರಣಪ್ಪನ ನಾಲಿಗೆಯೋ, ಅವನ ಹಳೆಯ ನೆನಪೋ ಎಂದು ಅಂಬಿಕಾ ಒಮ್ಮೆ ಕೇಳಿದಳು. ಅವನು ಬಹಳ ಯೋಚಿಸಿ, ತನಗೂ ತಿಳಿಯದು ಎಂದ. ಅವಳು ಹಾಗೆಯೇ ಬರೆದುಕೊಂಡಳು.